ಗಂಜಿ ಬೇಡಿದ ಮಂತ್ರ

ಮಲಪ್ರಭೆಯ ದಂಡೆಯ ಮಠದಲ್ಲಿದ್ದ ನಮ್ಮ ಗುರು ಅಡಿವೆಪ್ಪಜ್ಜ ಒಮ್ಮೆ ಗದರಿದರೆ ಸಾಕು, ತುಂಬಿದ ಹೊಳೆ ನಿಂತುಬಿಡುತ್ತಿತ್ತು. ಮೊಸಳೆಗಳು ದಂಡೆಗೆ ಬಂದು ಸಾಲಾಗಿ ಕೂರುತ್ತಿದ್ದವು. ನಂಬದವರು ಮೊಸಳೆಗಳನ್ನೇ ಕೇಳಲಿ.

ಅಂಥವರಿಗೆ ಎಂಬತ್ತು ದಾಟಿದ ಮೇಲೆ ಒಂದು ದಿನ ಭೇದಿ ಹತ್ತಿತು. ಹೊಳೆ ಕೇಳುತ್ತಿದ್ದ ಮಾತನ್ನು ಹೊಟ್ಟೆ ಕೇಳಲಿಲ್ಲ.

ಶಿಷ್ಯ ಬಾಳಪ್ಪ ನೀರಿನ ಕೊಡಗಳನ್ನೆಲ್ಲ ಅಡುಗೆಮನೆಯೊಳಗಿಟ್ಟು ಕದ ಹಾಕಿದ.

“ನೀರು ಕೊಡಪ್ಪ.”

“ಮ್ಯಾಲ ಹಾಕಿದ್ರ ತಾನ ಅಜ್ಜಾರ, ಕೆಳಗ ಬರೋದು? ಇವತ್ತು ನಿಮಗ ಹನಿ ನೀರೂ ಇಲ್ಲ.”

ಮಧ್ಯಾಹ್ನಕ್ಕೆ ಅಜ್ಜನವರ ನಾಲಿಗೆ ತೆಂಗಿನ ನಾರಿನಂತಾಯಿತು. ಎದ್ದರೆ ಕಣ್ಣು ಕತ್ತಲೆ. ಉಚ್ಚೆಯೂ ನಿಂತಿತು.

“ನೋಡ್ರಿ, ಹೊರಗ ಹೋಗೋದು ಕಡಿಮಿ ಆತು,” ಎಂದು ಬಾಳಪ್ಪ ಹಿಗ್ಗಿದ.

“ಸಂಜೀಗೆ ಪೂರಾ ನಿಲ್ತೈತಿ. ಉಸಿರೂ ಕೂಡ.”

ಬಾಳಪ್ಪ ಜಗ್ಗಲಿಲ್ಲ. ಹಟ ಹಿಡಿದರೆ ಆನೆ ಎಳೆದರೂ ಅಲುಗದ ಪ್ರಾಣಿ ಅದು. ಆನೆ ಸೋತ ಮೇಲೆ ನಾನೇ ಎಳೆದು ನೋಡಿದ್ದೇನೆ, ಎರಡು ಬೆರಳಷ್ಟು ಸರಿದ.

ಅಜ್ಜನವರು ಅಂದರು: “ಬಾಳಪ್ಪ, ಬಾ. ಹೋಗೋಕ್ಕಿಂತ ಮೊದಲ ಆ ಗುಪ್ತಮಂತ್ರ ನಿನ್ನ ಕಿವ್ಯಾಗ ಹೇಳಿಬಿಡ್ತೀನಿ.”

ಎಷ್ಟೋ ವರ್ಷದಿಂದ ಅದಕ್ಕೇ ಗಂಟುಬಿದ್ದಿದ್ದವನು ಓಡಿ ಬಂದು ಕಿವಿಯೊಡ್ಡಿದ.

ಅಜ್ಜನವರು ಬಾಯಿ ತೆರೆದರು. ಗಾಳಿಯಷ್ಟೇ ಹೊರಟಿತು.

“ಮಂತ್ರ ನಾಲಿಗಿಗೆ ಅಂಟೇತಿ. ತೋಯಿಸಬೇಕು.”

“ನೀರು ತರ್ಲೇನ್ರಿ?”

“ಈಗ ಗುಟುಕು ನೀರು ತಾ. ಆಮ್ಯಾಲ ಅಕ್ಕಿ ಗಂಜಿ ಕಾಸು, ತೆಳ್ಳಗ. ಚಿಟಿಕಿ ಉಪ್ಪು ಹಾಕು. ಬರೇ ನೀರಿಗೆ ಪೂರಾ ಮಂತ್ರ ಹೊರಡಂಗಿಲ್ಲ.”

ಅಡುಗೆಮನೆಯ ಕದ ತೆರೆಯಿತು. ಗಂಜಿ ಬಂತು. ಬಾಳಪ್ಪ ಚಮಚ ಚಮಚವಾಗಿ ಕುಡಿಸಿದ.

ಬಟ್ಟಲು ಖಾಲಿಯಾದಾಗ ಅಜ್ಜನವರು ಅವನ ಕಿವಿಯಲ್ಲಿ, “ಹೋ,” ಎಂದರು.

“ಮುಂದ?”

“ಮುಂದಿಂದು ಇನ್ನೂ ಒಳಗೈತಿ.”

ಇನ್ನೊಂದು ಬಟ್ಟಲು. “ದ.”

ನಡುವೆ ಅಜ್ಜನವರು ಹೊರಗೆ ಹೋಗಿ ಬಂದರು. ಬಾಳಪ್ಪ ಬೈಯಲಿಲ್ಲ. ಅಕ್ಷರ ಜಾರಿಹೋದೀತೆಂದು ಮತ್ತಷ್ಟು ಗಂಜಿ ಬಗ್ಗಿಸಿದ.

ಹೊತ್ತು ಇಳಿಯುವಷ್ಟರಲ್ಲಿ ಅಜ್ಜನವರಿಗೆ ಉಚ್ಚೆ ಹೋಯಿತು, ನಾಲಿಗೆ ಹಸಿಯಾಯಿತು, ಮಂತ್ರ ಮುಗಿಯಿತು.

ಬಾಳಪ್ಪ ಅಕ್ಷರಗಳನ್ನು ಕೂಡಿಸಿ ಹೇಳಿಕೊಂಡ. “ಹೋದಷ್ಟು ಹಾಕು.”

ಮುಖ ಸಣ್ಣದಾಯಿತು. “ಇದೇನ್ರಿ ಅಜ್ಜಾರ, ಇದೂ ಒಂದು ಮಂತ್ರಾನ? ದೇವರ ಹೆಸರ ಇಲ್ಲ ಇದ್ರಾಗ.”

“ಕೈ ಹಿಡಿ, ಮತ್ತ ಹೊರಗ ಹೋಗಬೇಕು. ಬಂದ ಮ್ಯಾಲ ಜಪ ಶುರು ಮಾಡು.”