ಹೂಂಗುಟ್ಟುವ ಮರಿಯ ಕೊಬ್ಬರಿ

ಶಾಲೆ ಬೆಕ್ಕಿನ ಅಂಗಳದಾಚೆ ಇತ್ತು; ಅಂದರೆ ಹೋದ ಮಕ್ಕಳು ತಿರುಗಿ ಬರುವ ಖಾತ್ರಿ ಇರಲಿಲ್ಲ. ಆದ್ದರಿಂದ ತಾಯಿ ಇಲಿ ತನ್ನ ಮರಿ ಪಿಳ್ಳನಿಗೆ ಬಿಲದಲ್ಲೇ ಪಾಠ ಹೇಳುತ್ತಿತ್ತು. ಪಾಠವೆಂದರೆ ಕಥೆ. ಪಿಳ್ಳ ಮಾತ್ರ ತನ್ನ ಪಾಲಿನ ಕೊಬ್ಬರಿ ಚೂರನ್ನೇ ನೋಡುತ್ತ ಪ್ರತಿ ಮಾತಿಗೂ “ಹೂಂ” ಅನ್ನುತ್ತಿತ್ತು. ಕಿವಿ ಇಲ್ಲಿತ್ತು, ಮನಸ್ಸು ಕೊಬ್ಬರಿಯಲ್ಲಿತ್ತು ಎಂದರ್ಥ.

ತಾಯಿಗೆ ಅನುಮಾನ ಬಂತು. “ಆಮೇಲೆ ಬೆಕ್ಕು ಇಲಿಗೆ ಜಡೆ ಹೆಣೆಯಿತು,” ಎಂದಿತು.

“ಹೂಂ.”

“ಮರಿ ತನ್ನ ಕೊಬ್ಬರಿಯನ್ನು ಅಮ್ಮನಿಗೆ ಕೊಟ್ಟಿತು.”

“ಹೂಂ.”

ತಾಯಿ ಚೂರನ್ನೆತ್ತಿ ಬಾಯಿಗೆ ಹಾಕಿಕೊಂಡಿತು.

“ಅಮ್ಮಾ, ಅದು ನನ್ನದು.”

“ಹೂಂ ಅಂದವನು ನೀನೇ ಕಣೋ. ನಾಳೆಯ ಚೂರು ಬೇಕಿದ್ದರೆ ಕಥೆಯಲ್ಲಿ ನನ್ನ ತಪ್ಪು ಹಿಡಿ.”

ಮರುದಿನ ಪಿಳ್ಳ ಕಿವಿ ನಿಮಿರಿಸಿ ಕೂತಿತು.

“ಒಂದು ಬೆಕ್ಕು ಒಲೆಯ ಮೇಲೆ ಮಲಗಿತ್ತು,” ಎಂದು ತಾಯಿ ಶುರುಮಾಡಿತು.

“ಸುಡಲಿಲ್ಲವೇ?”

“ಒಲೆ ಹೊತ್ತಿಸಿರಲಿಲ್ಲ.”

“ಹಾಗಾದರೆ ಮನೆಯವರು ಏನು ಉಂಡರು?”

“ಅವರು ನೆಂಟರ ಮನೆಗೆ ಹೋಗಿದ್ದರು.”

“ಮತ್ತೆ ಬೆಕ್ಕಿಗೆ ಹಾಲು ಹಾಕಿದ್ದು ಯಾರು?”

ತಾಯಿ ಕೊಬ್ಬರಿಯನ್ನು ಮರಿಯ ಮುಂದೆ ತಳ್ಳಿತು.

“ತಿನ್ನು ಮಾರಾಯ. ನೀನು ಅಗಿಯುವಷ್ಟು ಹೊತ್ತಾದರೂ ಕಥೆ ಮುಂದೆ ಹೋಗಲಿ.”