ಕತ್ತರಿಸಿ ತೆಗೆದ ಮಾತು

ಹೊಳೆದಂಡೆಯ ಮೇಲೆ ಮಡಿವಾಳಜ್ಜನ ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಅಂಗಳ, ಕಟ್ಟೆ ಕಟ್ಟಿದ ಒಂದು ಬೇವಿನ ಮರ. ಅಷ್ಟೇ.

ಶಿಷ್ಯೆ ದಾಕ್ಷಾಯಣಿ ಆ ಕಟ್ಟೆಯ ಮೇಲೆ ಕೂತು ಪ್ರತಿ ಸೋಮವಾರ ಫೋನಿಗೆ ಮೈಕು ಸಿಕ್ಕಿಸಿ ಪಾಡ್‌ಕಾಸ್ಟ್ ಮಾಡುತ್ತಿದ್ದಳು. ಒಂದು ವಾರ ಭಕ್ತಿ, ಇನ್ನೊಂದು ವಾರ ಅಜೀರ್ಣ, ಮತ್ತೊಂದು ವಾರ ಸಿಟ್ಟು ಗೆಲ್ಲುವ ಉಪಾಯ. ನಲವತ್ತು ಕಂತು ಮುಗಿದಿದ್ದವು. ಕೇಳಿದವರು "ಚಲೋ ಐತಿ" ಅಂದು ಮರೆತುಬಿಡುತ್ತಿದ್ದರು. ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಒಂದು ಬೆಳಿಗ್ಗೆ ಅವಳು ಅಜ್ಜನ ಎದುರು ಬಂದು ನಿಂತಳು. ನಮಸ್ಕಾರ ಕೂಡ ಮಾಡಲಿಲ್ಲ.

"ಅಜ್ಜಾ, ನನ್ನ ಪಾಡ್‌ಕಾಸ್ಟಿಗೆ ಒಂದು ಗುರಿ ಹೇಳ್ರಿ. ಇಲ್ಲಾಂದ್ರ ಇವತ್ತಿಗೆ ಬಂದ್ ಮಾಡತೀನಿ."

ಅಜ್ಜ ಶೇಂಗಾ ಸುಲಿಯುತ್ತಿದ್ದ. "ನಿನ್ನ ಗುರಿ ನನ್ನ ಜೋಳಿಗ್ಯಾಗ ಐತೇನು? ಮೊದಲ ಹಚ್ಚು, ಕೇಳೂಣು."

ಅವಳು ಹೋದ ವಾರದ ಕಂತು ಹಚ್ಚಿದಳು. 'ಮನಶ್ಶಾಂತಿಗೆ ಏಳು ಮೆಟ್ಟಿಲು.' ಜೇನಿನಂಥ ದನಿ, ಹಿಂದೆ ಮೆಲ್ಲಗೆ ಕೊಳಲು. ಮೂರನೆಯ ಮೆಟ್ಟಿಲಿಗೇ ಅಜ್ಜ ಗೊರಕೆ ಹೊಡೆದ.

ದಾಕ್ಷಾಯಣಿಗೆ ಮೈ ಉರಿಯಿತು. "ಅಜ್ಜಾ!"

"ಶಾಂತಿ ಸಿಕ್ತವಾ," ಎಂದ ಅಜ್ಜ ಕಣ್ಣುಜ್ಜಿಕೊಳ್ಳುತ್ತ. "ಇದರಾಗಿಂದ ಏನರ ಕತ್ತರಿಸಿ ತಗದೀಯೇನು?"

"ನಡುವ ಹಾಳುಮೂಳು ಸದ್ದು ಬಂದಿತ್ರಿ. ತಗದು ಬ್ಯಾರೆ ಇಟ್ಟೀನಿ."

"ಅದನ್ನ ಹಚ್ಚು."

"ಅದರಾಗ ಏನೂ ಇಲ್ರಿ."

"ಏನೂ ಇಲ್ಲದ್ದನ್ನ ಈಗ ಕೇಳಿದ್ನಲ್ಲ. ಅದನ್ನ ಹಚ್ಚು."

ಹಚ್ಚಿದಳು. ಮೊದಲು ಮಷಿನ್ನಿನ ಗುಡುಗುಡು, ಹೊಳೆಯೊಳಗೆ ಇಳಿದು ಮರಳು ತೋಡುವ ಮಷಿನ್ನು. ಆಮೇಲೆ ಅಂಬಿಗರ ನೀಲವ್ವನ ದನಿ. ಅವತ್ತು ರೆಕಾರ್ಡಿಂಗ್ ನಡೆದಾಗಲೇ ಅವಳು ಅಂಗಳಕ್ಕೆ ನುಗ್ಗಿ ಬಂದಿದ್ದಳು.

"ದಾಕ್ಷಾಯಣಿ, ಕಾಲಿಟ್ಟಲ್ಲೆ ತಗ್ಗು ತೋಡ್ಯಾರವಾ! ನನ್ನ ಮಗಳು ಇವತ್ತ ಹೋಗೇ ಬಿಡ್ತಿದ್ಲು. ಜಡಿ ಹಿಡದು ಎಳಕೊಂಡ ಬಂದೆ!"

ಅದರ ಬೆನ್ನಿಗೇ ದಾಕ್ಷಾಯಣಿಯ ದನಿ. ಜೇನೂ ಇಲ್ಲ, ಕೊಳಲೂ ಇಲ್ಲ. "ನಾವೆಲ್ಲಾ ಈಜು ಕಲತ ಜಾಗ ಅದು! ಹೊಳಿ ಏನು ಇವರಪ್ಪಂದ? ಕೇಳಾವ್ರ ಯಾರೂ ಇಲ್ಲೇನು?"

ಅಜ್ಜ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ.

"ಈಕಿ ಯಾರು?"

"ನಾನ ರೀ, ಅಜ್ಜಾ."

"ಮತ್ತ ಆಗ ಏಳು ಮೆಟ್ಟಿಲು ಹೇಳಿದಾಕಿ ಯಾರು?"

ನಾಚಿಕೆಯಿಂದ ದಾಕ್ಷಾಯಣಿಯ ಮೈಯೆಲ್ಲ ಹಿಡಿಯಾಯಿತು. ನಲವತ್ತು ವಾರ ತನ್ನನ್ನು ತಾನೇ ಕತ್ತರಿಸಿ ಹೊರಗಿಟ್ಟೆನಲ್ಲ ಎಂದು ಸಿಟ್ಟೂ ಬಂತು. ಸಿಟ್ಟು ಗೆಲ್ಲುವ ಉಪಾಯ ಆಗ ಒಂದೂ ನೆನಪಾಗಲಿಲ್ಲ.

ಆ ಸೋಮವಾರ ಅವಳು ಕೊಳಲನ್ನು ತೆಗೆದುಹಾಕಿದಳು. ಮಷಿನ್ನಿನ ಸದ್ದು, ನೀಲವ್ವನ ಮಾತು, ತನ್ನ ಮಾತು ಎಲ್ಲವನ್ನೂ ಇದ್ದ ಹಾಗೇ ಬಿಟ್ಟಳು. ಮುಂದಿನ ವಾರ ನೀಲವ್ವ ತನ್ನ ಜೊತೆ ಇನ್ನಿಬ್ಬರನ್ನು ಕರೆತಂದಳು. ದಂಡೆಯ ಊರುಗಳಲ್ಲಿ ಜನ ಚಹಾದಂಗಡಿಯ ಬೆಂಚಿನ ಮೇಲೆ ಫೋನಿಟ್ಟು ಸುತ್ತ ನಿಂತು ಕೇಳಿದರು. ಗುರಿ ಏನೆಂದು ದಾಕ್ಷಾಯಣಿ ಮತ್ತೆ ಕೇಳಲಿಲ್ಲ.

ಮೂರನೆಯ ಸೋಮವಾರ ಅವಳು ಮೈಕಿನ ಮುಂದೆ ಕೂತು ಮಾತಾಡುತ್ತಿದ್ದಾಗ ರುದ್ರಗೌಡನ ಜೀಪು ಬಂತು. ಹೊಳೆಯಲ್ಲಿದ್ದ ಮಷಿನ್ನು ಅವನದು. ಆಶ್ರಮದ ಭಕ್ತನೂ ಅವನೇ, ದಾಕ್ಷಾಯಣಿಗೆ ಆ ಮೈಕು ಕೊಡಿಸಿದವನೂ ಅವನೇ.

"ಅಜ್ಜಾರ, ಭಕ್ತಿ ಬಗ್ಗೆ ಮಾತಾಡ್ಲಿ, ಯಾರು ಬ್ಯಾಡಂತಾರ? ಹೊಳಿ ಉಸಾಬರಿ ಈಕಿಗೆ ಯಾಕ ಬೇಕ್ರಿ?"

"ನನ್ನ ಯಾಕ ಕೇಳ್ತೀರಿ ಗೌಡ್ರ? ಮಾತು ಆಕೀದು."

ದಾಕ್ಷಾಯಣಿ ಎದ್ದು ನಿಂತಳು. "ನಾ ಬಿಡೂದಿಲ್ರಿ ಗೌಡ್ರ."

"ಹಂಗಾದ್ರ ನನ್ನ ಮೈಕು ವಾಪಸ್ ಕೊಡು!"

ಅವಳು ಫೋನಿನಿಂದ ವೈರು ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ಮೈಕನ್ನು ಅವನ ಕೈಗಿಟ್ಟಳು. "ತಗೊಳ್ರಿ. ಹೊಳಿ ಮಾತು ಹೇಳಾಕ ಇದು ಬೇಕಾಗಿಲ್ರಿ."

ಗೌಡನ ಮುಖ ಕೆಂಪೇರಿತು. "ನಾಳೆ ಇನ್ನ ಎರಡು ಮಷಿನ್ ಇಳಸ್ತೀನಿ! ಯಾರಿಗೆ ಹೇಳ್ಕೋತಿ ಹೇಳ್ಕೋ ಹೋಗು! ಆ ತಗ್ಗಿನಾಗ ಯಾರು ಬಿದ್ದು ಸತ್ತರ ನನಗೇನು..."

ಮಾತು ಅರ್ಧಕ್ಕೇ ನಿಂತಿತು. ಕಟ್ಟೆಯ ಮೇಲೆ ಬಿದ್ದಿದ್ದ ಫೋನು ಅವನ ಕಣ್ಣಿಗೆ ಬಿದ್ದಿತ್ತು. ಮೈಕು ಕಿತ್ತರೂ ಅದರಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು.

"ಏ, ಅದನ್ನ ಬಂದ್ ಮಾಡು!"

ದಾಕ್ಷಾಯಣಿ ಜಾಗ ಬಿಟ್ಟು ಕದಲಲಿಲ್ಲ.

ಅಜ್ಜ ಶೇಂಗಾದ ಸಿಪ್ಪೆ ಝಾಡಿಸಿ, ಫೋನಿನ ಪಕ್ಕಕ್ಕೆ ಗೌಡನಿಗೆ ಜಾಗ ಮಾಡಿಕೊಟ್ಟ.

"ಬರ್ರಿ ಗೌಡ್ರ, ಹತ್ರ ಕೂತು ಮಾತಾಡ್ರಿ. ಈಕಿ ಇನ್ನ ಏನೂ ಕತ್ತರಿಸೂದಿಲ್ಲ."