ಚೌರಪ್ಪ ಗೀಟು ಹಾಕಿದ ಪ್ರಶ್ನೆ

ಇದನ್ನು ನಂಬುವ ಗಂಡಸು ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ, ನೋಡೋಣ. ತುಂಬಿದ ಹೊಳೆಯನ್ನು ಒಂಟಿ ಹುಟ್ಟಿನಲ್ಲಿ ದಾಟುತ್ತಿದ್ದ ಅಂಬಿಗ ಚೌರಪ್ಪ ಒಂದೇ ಒಂದು ಪ್ರಶ್ನೆಗೆ ಹೆದರಿ ಮೂರು ದಿನ ಅನ್ನ ಮುಟ್ಟಲಿಲ್ಲ.

ಸುಳ್ಳು ಅನ್ನುವವರು ಅನ್ನಲಿ. ಅಂಥ ಹರಿಗೋಲಿನವನು ಸುತ್ತ ಏಳು ಹಳ್ಳಿಯಲ್ಲಿ ಇನ್ನೊಬ್ಬ ಇರಲಿಲ್ಲ. ಅದನ್ನು ಬೇರೆಯವರು ಹೇಳುವ ಕಷ್ಟವೂ ಇರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ.

ಆಚೆ ದಡದ ಮರಿಯಪ್ಪ ಒಂದು ಸಲ ಹದಿನಾಲ್ಕು ಕುರಿಗಳ ಸಮೇತ ನಡುಹೊಳೆಯಲ್ಲಿ ಸಿಕ್ಕಿಕೊಂಡ. ಚೌರಪ್ಪ ಹೋಗಿ ಕುರಿಗಳನ್ನೂ ಅವನನ್ನೂ ದಡಕ್ಕೆ ಎಳೆದು ತಂದ. ಮರಿಯಪ್ಪ ನೀರು ಕಕ್ಕಿ, ಉಸಿರು ತಿರುಗಿದ ಮೇಲೆ, ನನ್ನ ಮಗಳು ಜ್ಞಾನಮ್ಮ ಇನ್ನು ನಿನ್ನವಳೇ ಅಂದುಬಿಟ್ಟ.

ಅವತ್ತಿನಿಂದ ಟೀ ಅಂಗಡಿಯಲ್ಲಿ ಚೌರಪ್ಪನದೇ ಮಾತು. ಉಳಿದವರೆಲ್ಲ ಹೆಣ್ಣು ನೋಡಲು ಹೋಗುತ್ತಾರೆ, ನಾನು ಹೊಳೆಯಿಂದ ಗೆದ್ದು ತಂದೆ ಎನ್ನುತ್ತಿದ್ದ.

ಮದುವೆಗೆ ಎರಡು ವಾರ ಉಳಿದಿತ್ತು. ಕಥೋಲಿಕರ ಪದ್ಧತಿಯಂತೆ ಚರ್ಚಿನ ಗುರುಗಳು ಗಂಡನ್ನೂ ಹೆಣ್ಣನ್ನೂ ಬೇರೆಬೇರೆಯಾಗಿ ಒಳಗೆ ಕರೆದು, ಬಾಗಿಲು ಮುಚ್ಚಿ ಕೇಳುತ್ತಾರೆ. ನಿನ್ನ ಸ್ವಂತ ಮನಸ್ಸಿನಿಂದ ಬಂದಿದ್ದೀಯಾ? ಯಾರದಾದರೂ ಒತ್ತಾಯ ಇದೆಯಾ? ಇದು ಸಾಯುವ ತನಕ ಅನ್ನುವುದು ಗೊತ್ತಿದೆಯಾ? ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕಿಸುತ್ತಾರೆ.

ಚೌರಪ್ಪನ ಸರದಿ ಎಲೆಯಡಿಕೆ ಅಗಿಯುವಷ್ಟರಲ್ಲಿ ಮುಗಿಯಿತು. ಆಮೇಲೆ ಒಳಗೆ ಹೋದ ಜ್ಞಾನಮ್ಮ ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದರೂ ಹೊರಗೆ ಬರಲಿಲ್ಲ.

ಬಂದವಳ ಮುಖದಲ್ಲಿ ಏನೂ ಇರಲಿಲ್ಲ. ಅವಳನ್ನೂ ಅವಳಪ್ಪನನ್ನೂ ಆಚೆ ದಡಕ್ಕೆ ಬಿಡಬೇಕಾದವನು ಚೌರಪ್ಪನೇ. ಹೊಳೆಯುದ್ದಕ್ಕೂ ಅವಳು ನೀರನ್ನೇ ನೋಡುತ್ತ ಕೂತಿದ್ದಳು.

ಅಂದಿನಿಂದ ಅವನಿಗೆ ಊಟ ಇಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗುರುಗಳ ಆಶ್ರಮಕ್ಕೆ ಓಡಿದ. ಅವನಿಗೆ ಅಕ್ಷರ, ಜಪ ಎರಡನ್ನೂ ಕಲಿಸಿದ ಗುರು ದೇವಸಹಾಯ ಸ್ವಾಮಿಗಳು ಒಲೆಯ ಮುಂದೆ ಕೂತು ಗಂಜಿ ಕಾಯಿಸುತ್ತಿದ್ದರು.

"ಸ್ವಾಮಿ, ಅವಳು ಒಳಗೆ ಏನಂದಳು?"

"ನೀನು ಏನಂದೆ ಅಂತ ಅವಳೂ ಕೇಳಿದಳು. ಅವಳಿಗೆ ಹೇಳಲಿಲ್ಲ. ನಿನಗೂ ಹೇಳಲ್ಲ."

ಚೌರಪ್ಪ ಅಲ್ಲೇ ಸುತ್ತಾಡಿದ. ಸೌದೆ ಒಡೆದ, ನೀರು ಸೇದಿದ. ಕೊನೆಗೆ ಬಾಯಿಬಿಟ್ಟ. ಮದುವೆಯ ದಿನ ಪೀಠದ ಮುಂದೆ, ಅಷ್ಟು ಜನರ ಎದುರು, ಸ್ವಂತ ಮನಸ್ಸಿನಿಂದ ಬಂದಿದ್ದೀಯಾ ಅನ್ನುವ ಪ್ರಶ್ನೆಯನ್ನು ಮತ್ತೆ ಕೇಳುತ್ತಾರಲ್ಲ, ಅದೊಂದನ್ನು ಬಿಟ್ಟುಬಿಡಬೇಕು.

"ನೀವು ತಾಳಿ ಕಟ್ಟಿಸಿ, ಆಶೀರ್ವಾದ ಮಾಡಿ ಸ್ವಾಮಿ. ನೀವು ಹಾಕಿದ ಗಂಟನ್ನು ಯಾರು ಬಿಚ್ಚುತ್ತಾರೆ?"

ಗುರುಗಳು ಎದ್ದು ಹೋಗಿ ಒಂದು ಹಾಳೆ ತಂದರು. ಕಣ್ಣು ಮಂಜಾದ ಮೇಲೆ ಮದುವೆಯ ವಿಧಿಯನ್ನು ಅವರು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹಾಳೆಯ ಜೊತೆಗೆ ಪೆನ್ಸಿಲನ್ನೂ ಕೊಟ್ಟರು.

"ಯಾವ ಪ್ರಶ್ನೆ ಬೇಡವೋ ಅದಕ್ಕೆ ಗೀಟು ಹಾಕು."

ಚೌರಪ್ಪ ಒತ್ತಿ ಗೀಟು ಹಾಕಿದ. ಗುರುಗಳು ಹಾಳೆಯನ್ನು ತೆಗೆದುಕೊಂಡು ಓದಿದರು, ನಾಲ್ಕು ಮಡಿಕೆ ಮಾಡಿ ಒಲೆಗೆ ತುರುಕಿದರು.

"ಉಳಿದದ್ದು, ಸ್ವಾಮಿ? ಉಂಗುರ, ತಾಳಿ, ಆಶೀರ್ವಾದ?"

"ಅದು ಹೋದ ಮೇಲೆ ಉಳಿಯುವುದು ಊಟ. ಊಟಕ್ಕೆ ನಾನು ಯಾಕೆ?"

"ಹಾಗಾದರೆ ನನ್ನ ಮದುವೆ ಮಾಡಿಸೋದಿಲ್ಲವಾ?"

"ಇಲ್ಲಿಯ ತನಕ ಯಾರದೂ ಮಾಡಿಸಿಲ್ಲ ಕಣೋ."

ನಮ್ಮಪ್ಪ ನಮ್ಮವ್ವನದು ನೀವೇ ಮಾಡಿಸಿದ್ದಲ್ಲವೇ ಎಂದು ಚೌರಪ್ಪ ವಾದಕ್ಕೆ ನಿಂತ. ಗುರುಗಳು ಗಂಜಿ ತಿರುವುತ್ತಲೇ ಹೇಳಿದರು:

"ಮಗುವಿನ ತಲೆಯ ಮೇಲೆ ಜ್ಞಾನಸ್ನಾನದ ನೀರು ಹೊಯ್ಯುವವನು ನಾನು. ಪಾಪ ಹೇಳಿಕೊಂಡವನಿಗೆ ಕ್ಷಮೆಯ ಮಾತು ಹೇಳುವವನೂ ನಾನು. ಮದುವೆಯ ಸಂಸ್ಕಾರವನ್ನು ಮಾತ್ರ ಗಂಡು ಹೆಣ್ಣಿಗೆ ಕೊಡಬೇಕು, ಹೆಣ್ಣು ಗಂಡಿಗೆ ಕೊಡಬೇಕು. ದೇವರ ಹೆಸರಲ್ಲಿ ನಿಂತು ಕೇಳಿಸಿಕೊಳ್ಳುವುದಷ್ಟೇ ನನ್ನ ಕೆಲಸ."

ಗಂಜಿಯ ಪಾತ್ರೆ ಇಳಿಸಿ ಕೇಳಿದರು, "ನೀನು ಅವಳನ್ನು ಕೇಳಿದ್ದೀಯಾ?"

ಅವಳಪ್ಪ ಮಾತು ಕೊಟ್ಟಿದ್ದಾನೆ, ಸೋದರಮಾವ ಒಪ್ಪಿದ್ದಾನೆ, ಅಜ್ಜಿಗೂ ಸೀರೆ ಕೊಟ್ಟಾಗಿದೆ ಎಂದ ಚೌರಪ್ಪ.

"ಅವಳನ್ನು?"

ಚೌರಪ್ಪ ಒಲೆಯೊಳಗಿನ ಕರಿ ಹಾಳೆಯನ್ನು ನೋಡಿ, ಎದ್ದು ಹರಿಗೋಲಿನ ಕಡೆಗೆ ನಡೆದ.

ಹೊಳೆ ಅವತ್ತು ಶಾಂತವಾಗಿತ್ತು. ಆದರೂ ಅದನ್ನು ದಾಟಲು ಅವನಿಗೆ ಎಂದೂ ಹಿಡಿಯದಷ್ಟು ಹೊತ್ತು ಹಿಡಿಯಿತು. ಜ್ಞಾನಮ್ಮ ಕೊಟ್ಟಿಗೆಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪ ನನಗೆ ಕೊಟ್ಟ ಮಾತನ್ನು ಹಿಂದಕ್ಕೆ ಕೊಡೋಕೆ ಬಂದೆ," ಎಂದ ಚೌರಪ್ಪ.

"ಯಾಕೆ? ಹೊಳೆಯಿಂದ ಗೆದ್ದು ತಂದೆ ಅಂತ ಊರಿಗೆಲ್ಲ ಹೇಳಿ ಆಯ್ತಲ್ಲ. ಕುರಿ ಹದಿನಾಲ್ಕು. ನಾನು ಹದಿನೈದನೆಯದಾ?"

ಏಳು ಹಳ್ಳಿಗೆ ಕೇಳಿಸುವ ಬಾಯಿ ಅದು. ಅವತ್ತು ಕೊಟ್ಟಿಗೆಯ ಆಚೆಗೂ ಕೇಳಿಸಲಿಲ್ಲ. ಆಡಬಾರದ ಮಾತು ಆಡಿದೆ ಎಂದ. ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ ಎಂದ. ಬರುವುದಿಲ್ಲ ಅಂದರೆ ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ, ತಪ್ಪು ನನ್ನದು ಅಂತಲೇ ಹೇಳುತ್ತೇನೆ, ನಿನ್ನ ಮೇಲೆ ಒಂದು ಮಾತು ಬರಲಿಕ್ಕೆ ಬಿಡುವುದಿಲ್ಲ ಎಂದ.

"ಈಗ ಕೇಳ್ತಾ ಇದ್ದೀನಿ ಜ್ಞಾನಮ್ಮ. ಬರ್ತೀಯಾ?"

ಅವಳು ಸೊಪ್ಪಿನ ಕಟ್ಟನ್ನು ಬಿಗಿದಳು.

"ಎಲ್ಲರೆದುರು ಹೇಳ್ತೀನಿ. ಅಲ್ಲೀತನಕ ಕಾಯಿರಿ."

ಹತ್ತು ದಿನ ಕಾದ. ಟೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಹೊಳೆ ದಾಟುವವರು ಮದುವೆಯ ಮಾತೆತ್ತಿದರೆ, ನೋಡೋಣ ಎನ್ನುತ್ತಿದ್ದ. ಚಪ್ಪರ ಹಾಕುತ್ತಿದ್ದವರು, ಇವನಿಗೇನು ಜ್ವರವೋ ಎಂದು ಮಾತಾಡಿಕೊಂಡರು.

ಮದುವೆಯ ದಿನ ಗುರುಗಳ ಕೈಯಲ್ಲಿ ಹೊಸದಾಗಿ ಬರೆದ ಹಾಳೆ ಇತ್ತು. ಮೊದಲು ಚೌರಪ್ಪನನ್ನು ಕೇಳಿದರು. ಅವನು ಹೌದು ಎಂದ.

ಆಮೇಲೆ ಅವಳನ್ನು ಕೇಳಿದರು. ಯಾರ ಒತ್ತಾಯವೂ ಇಲ್ಲದೆ, ನಿನ್ನ ಸ್ವಂತ ಮನಸ್ಸಿನಿಂದ ಬಂದಿದ್ದೀಯಾ?

ಜ್ಞಾನಮ್ಮ ಸುಮ್ಮನೆ ನಿಂತಳು.

ಹಿಂದೆ ಯಾರೋ ಕೆಮ್ಮಿದರು. ಮರಿಯಪ್ಪ, ಹೌದು ಅನ್ನವ್ವ, ಎಂದು ಪಿಸುಗುಟ್ಟಿದ. ಗುರುಗಳು ಕೈ ಎತ್ತಿ ಅವನನ್ನು ತಡೆದರು. ತಾವೂ ಏನೂ ಹೇಳಿಕೊಡಲಿಲ್ಲ. ಅವಳು ಇಲ್ಲ ಅಂದರೆ ಮೊದಲು ನಾನೇ ತಪ್ಪು ನನ್ನದು ಅನ್ನಬೇಕು, ಅವಳ ಅಪ್ಪ ಕೈ ಎತ್ತುವುದಕ್ಕೆ ಮುಂಚೆ ಅನ್ನಬೇಕು ಎಂದು ಚೌರಪ್ಪ ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ.

ಅವಳು ಗುರುಗಳ ಕಡೆಯಿಂದ ತಿರುಗಿ ಚೌರಪ್ಪನ ಮುಖ ನೋಡಿದಳು.

"ನಾನಾಗಿಯೇ ಬಂದಿದ್ದೀನಿ."

ಪೂಜೆ ಮುಗಿದು, ಸಹಿಗಳಾಗಿ, ಜನ ಊಟದ ಚಪ್ಪರಕ್ಕೆ ಹೊರಟರು. ಚೌರಪ್ಪ ಗುರುಗಳ ಕಾಲಿಗೆ ಬಿದ್ದ. ಜ್ಞಾನಮ್ಮನನ್ನು ನನಗೆ ಕೊಟ್ಟಿರಿ, ಈ ಋಣ ತೀರುವುದಿಲ್ಲ ಸ್ವಾಮಿ ಎಂದು ಕಣ್ಣೊರೆಸಿಕೊಂಡ.

ಗುರುಗಳು ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ನಿನಗೆ ಜ್ಞಾನಮ್ಮನನ್ನು ಕೊಟ್ಟವಳು ಜ್ಞಾನಮ್ಮ."